‘ನಾನ್ಯಾರು ಹೇಳು’ ಎಂದು ಕೇಳುತ್ತಿದ್ದ ರಾಜ್ಯ

ಬಹಳ ಹಿಂದೆ, ಮರಗಳೂ ಮಾತಿಗೆ ಮಾತು ಕೊಡುತ್ತಿದ್ದ ಕಾಲದಲ್ಲಿ, ಚಂದ್ರಗಾವಿ ಎಂಬ ರಾಜ್ಯವಿತ್ತು. ಅಲ್ಲಿ ವಯಸ್ಸಾದವರಿಗೆ ಮರೆವು ಬಂತೆಂದರೆ ಮುಗಿಯಿತು. ಬೆಟ್ಟದ ಗುಹೆಯ ಮಾಂತ್ರಿಕ ಮಬ್ಬಾಂಗ ಅವರ ನೆನಪನ್ನು ತಿನ್ನುತ್ತಿದ್ದಾನೆ ಎಂದು ಜನ ನಂಬಿದ್ದರು. ಸಂಶಯ ಬಂದವರ ಮುಂದೆ ಮನೆಯವರು, ನೆಂಟರು, ಬೀದಿಯವರು ಒಬ್ಬೊಬ್ಬರಾಗಿ ನಿಂತು “ನಾನ್ಯಾರು ಹೇಳು?” ಎಂದು ಕೇಳುವುದು ಪದ್ಧತಿ. ಹೇಳಲಾಗದವರನ್ನು ಗುಹೆಗೆ ಬಿಟ್ಟುಬರುತ್ತಿದ್ದರು. ಮಾಂತ್ರಿಕನ ಪಾಲು ಅವನಿಗೆ ಕೊಟ್ಟರೆ ಉಳಿದವರು ಕ್ಷೇಮ ಎಂಬ ಲೆಕ್ಕಾಚಾರ! ಎಂಥ ಬುದ್ಧಿವಂತರು ನೋಡಿ.

ಒಂದು ದಿನ ಮಾಚವ್ವ ಎಂಬ ಮುದುಕಿಯೂ ಆ ಪರೀಕ್ಷೆಯಲ್ಲಿ ಸೋತಳು. ಅವಳ ಮಗಳು ನಾಗಲೆ ಬಿಡುವವಳೇ? “ಆ ಮಾಂತ್ರಿಕನ್ನ ಕೊಂದು ನಮ್ಮವ್ವನ್ನ ಮನೆಗೆ ಕರ್ಕೊಂಡು ಬರ್ತೀನಿ” ಎಂದು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ, ಅವ್ವನ ಕೈ ಹಿಡಿದು ಹೊರಟಳು.

ಗುಹೆಯ ಮೊದಲ ಬಾಗಿಲಲ್ಲಿ ಮಾಯಾಹುಲಿ. “ನಾನ್ಯಾರು ಹೇಳು?” ಎಂದು ಅದು ಮಾಚವ್ವನನ್ನು ಕೇಳಿತು.

“ಬೆಕ್ಕಲ್ವಾ? ಬಾ, ಹಾಲು ಕೊಡ್ತೀನಿ” ಎಂದಳು ಮಾಚವ್ವ.

“ಅಯ್ಯೋ, ಹುಲಿ ಕಣವ್ವಾ ಅದು! ಅಷ್ಟೂ ಗೊತ್ತಾಗಲ್ವಾ?” ಎಂದು ನಾಗಲೆ ರೇಗಿದಳು. ಮಾಚವ್ವನ ಮುಖ ಬಾಡಿತು. ಹುಲಿ ಆನೆಯಷ್ಟಾಯಿತು. ಇಬ್ಬರೂ ಅದರ ಕಾಲ ಸಂದಿಯಲ್ಲಿ ನುಸುಳಿ ಹೇಗೋ ಪಾರಾದರು.

ಎರಡನೆಯ ಬಾಗಿಲಲ್ಲಿ ಹೆಬ್ಬಾವು. “ನಾನ್ಯಾರು ಹೇಳು?”

“ಯಾರೋ ಬಾವಿ ಹಗ್ಗ ಇಲ್ಲೇ ಬಿಟ್ಟು ಹೋಗಿದ್ದಾರೆ” ಎಂದಳು ಮಾಚವ್ವ. ನಾಗಲೆಯ ಬಾಯಿಗೆ ಮಾತು ಬಂದಿತ್ತು, ನುಂಗಿಕೊಂಡಳು. “ಹೌದವ್ವಾ, ಎಡವೀಯ ಜೋಕೆ” ಎಂದಳು. ಮಾಚವ್ವ ನಗುತ್ತಾ ದಾಟಿದಳು. ಹೆಬ್ಬಾವು ಎರೆಹುಳುವಾಗಿ ಮಣ್ಣು ಸೇರಿತು. ನಾಗಲೆಗೆ ಏನೋ ಹೊಳೆದಂತಾಯಿತು.

ಮೂರನೆಯ ಬಾಗಿಲಲ್ಲಿ ಮಬ್ಬಾಂಗನೇ ನಿಂತಿದ್ದ. ಅವನು ನಾಗಲೆಯತ್ತ ಬೆರಳು ತೋರಿಸಿ, “ಇವಳ್ಯಾರು ಹೇಳು?” ಎಂದ.

ಮಾಚವ್ವ ಬಹಳ ಹೊತ್ತು ನೋಡಿದಳು. “ಗೊತ್ತಾಗ್ತಿಲ್ಲಪ್ಪ” ಎಂದು ತಲೆತಗ್ಗಿಸಿದಳು.

ನಾಗಲೆಯ ಕಣ್ಣೀರು ಕೆನ್ನೆಗಿಳಿಯಿತು. ಮಾಂತ್ರಿಕ ಗುಹೆಯ ನೆತ್ತಿ ಮುಟ್ಟುವಂತೆ ಬೆಳೆದ. ನಾಗಲೆ ಅವನತ್ತ ತಿರುಗಿಯೂ ನೋಡಲಿಲ್ಲ. ಕುಡುಗೋಲು ಕೆಳಗಿಟ್ಟು ಅವ್ವನ ಕೈ ಹಿಡಿದುಕೊಂಡಳು. “ನಾನು ನಾಗಲೆ ಕಣವ್ವಾ, ನಿನ್ನ ಮಗಳು. ಮರೆತ್ರೂ ಪರವಾಗಿಲ್ಲ, ನಾನೇ ಹೇಳ್ತಿರ್ತೀನಿ.”

ಮಾಚವ್ವ ಅವಳ ಕೆನ್ನೆ ಒರೆಸಿದಳು. “ಹೆಸರು ನಿಲ್ಲಲ್ಲ ಕಣೇ. ಆದ್ರೆ ನೀನು ನಮ್ಮೋಳು. ಉಂಡ್ಯಾ?”

ಮಾಂತ್ರಿಕ ಕುಗ್ಗತೊಡಗಿದ. “ಮರೆವು ತರೋನು ನಾನಲ್ಲ, ಅದು ಕಾಯಿಲೆ. ನೀವು ಕೇಳಿ ಕೇಳಿ ಅವರನ್ನ ನಾಚಿಸ್ತಿದ್ರಲ್ಲ, ಆ ಸಂಕಟವೇ ನನ್ನ ಊಟ” ಎಂದು ಗೋಳಾಡುತ್ತಾ ಹೊಗೆಯಾಗಿ ಹೋದ. ಒಳಗಿದ್ದ ಮುದುಕ ಮುದುಕಿಯರೆಲ್ಲ ಕಣ್ಣುಜ್ಜುತ್ತಾ ಹೊರಬಂದರು.

ನಾಗಲೆ ಅವರನ್ನೆಲ್ಲ ಊರಬಾಗಿಲಿಗೆ ಕರೆತಂದು, ನಡೆದದ್ದನ್ನು ಕತೆ ಮಾಡಿ ಹೇಳಿದಳು. ತಾನು ರೇಗಿದಾಗ ಹುಲಿ ಬೆಳೆದದ್ದನ್ನೂ ಬಿಡಲಿಲ್ಲ. ಆ ಮುದುಕರಲ್ಲಿ ರಾಜನ ತಂದೆಯೂ ಇದ್ದ. ರಾಜ ಕಿರೀಟ ತೆಗೆದು, ಅವನ ಕಾಲ ಬಳಿ ಕೂತು, “ಅಪ್ಪಾಜಿ, ನಾನು ಚೆನ್ನರಸ, ನಿಮ್ಮ ಮಗ” ಎಂದು ಅತ್ತ.

ಅಂದಿನಿಂದ ಚಂದ್ರಗಾವಿಯಲ್ಲಿ ಹಿರಿಯರ ಎದುರು ಬಂದವರು ತಮ್ಮ ಹೆಸರನ್ನು ತಾವೇ ಮೊದಲು ಹೇಳುವುದು ಪದ್ಧತಿಯಾಯಿತು. ಮನೆ ಮನೆಯಲ್ಲೂ ನೆಮ್ಮದಿ ನೆಲೆಸಿತು. ಮಾಚವ್ವನಿಗೆ ಮಗಳ ಹೆಸರು ಮತ್ತೆಂದೂ ನೆನಪಾಗಲಿಲ್ಲ. ನಾಗಲೆ ದಿನಾ ಬೆಳಿಗ್ಗೆ ಹೇಳುತ್ತಿದ್ದಳು. ಮಾಚವ್ವ ದಿನಾ ಬೆಳಿಗ್ಗೆ, “ಅಯ್ಯೋ, ನನಗೆ ಇಷ್ಟು ಒಳ್ಳೆ ಮಗಳಿದ್ದಾಳಾ!” ಎಂದು ಹೊಸದಾಗಿ ಸಂತೋಷಪಡುತ್ತಿದ್ದಳು.