ಬೆಂಚಿನ ಮೇಲಿನ ಹದಿನಾಲ್ಕು

ಗಾಲ್ಫ್ ಗಾಡಿಯೊಂದು ನನ್ನನ್ನು ಅಟ್ಟಿಸಿಕೊಂಡು ಬರುತ್ತಿತ್ತು!

ನಗಬೇಡಿ. ಓಡಿಸುತ್ತಿದ್ದವನು ಉಂಬೆರ್ತೊ. ಮನೆಗಳ ಚಾವಣಿ ಹೊದಿಸುವವನು. ಅವನ ತೋಳು ನನ್ನ ತೊಡೆಯಷ್ಟಿದೆ. ನನ್ನ ಕೋಟಿನೊಳಗೆ ಹನ್ನೆರಡು ಶೀಟುಗಳು... ಸಿಕ್ಕಿಬಿದ್ದರೆ ಮುಗಿಯಿತು.

ಡಲ್ಲಾಸ್‌ನ ಆ ಮೈದಾನಕ್ಕೆ ಹನ್ನೆರಡು ಕಾಲೇಜುಗಳ ಕೋಚ್‌ಗಳು ಬಂದಿದ್ದರು. ಹುಡುಗಿಯರ ಫುಟ್‌ಬಾಲ್ ಆಟ ನೋಡಿ ಆರಿಸಿಕೊಳ್ಳಲು. ಅವರಿಗೆ ಯಾರ ಮುಖವೂ ಗೊತ್ತಿಲ್ಲ. ಬೆನ್ನ ಮೇಲಿನ ನಂಬರು ನೋಡುತ್ತಾರೆ. ಕುರ್ಚಿಯ ಮೇಲಿಟ್ಟ ಶೀಟಿನಲ್ಲಿ ಹೆಸರು ಹುಡುಕುತ್ತಾರೆ. ಅಷ್ಟೇ.

ಆ ಶೀಟುಗಳನ್ನು ನಾನು ಬದಲಿಸಿದ್ದೆ.

ನಂಬರು ಒಂಬತ್ತು, ಉಂಬೆರ್ತೊನ ಮಗಳು ಯೆಸೆನಿಯಾ. ಹದಿನಾಲ್ಕು, ನನ್ನ ಮಗಳು ಪೈಪರ್. ನನ್ನ ಶೀಟಿನಲ್ಲಿ ಉಲ್ಟಾ! ಪೈಪರ್ ಎಂಟು ವರ್ಷ ಆಡಿದ ಜಾಗವನ್ನು ಆ ಹುಡುಗಿ ಎಂಟು ವಾರದಲ್ಲಿ ಕಿತ್ತುಕೊಂಡಿದ್ದಳು. ಈಗ ನನ್ನ ಮಗಳಿಗೆ ಬೆಂಚು. ಅವಳು ಒಂದು ಮಾತೂ ಆಡಲಿಲ್ಲ. ಕಾರಿನಲ್ಲಿ ಮನೆಗೆ ಮರಳುವಾಗಿನ ಆ ಮೌನ ನನ್ನನ್ನು ಸುಡುತ್ತಿತ್ತು.

ಯೆಸೆನಿಯಾ ಎರಡು ಗೋಲು ಹೊಡೆದಳು. ಎರಡೂ ಪೈಪರ್ ಹೆಸರಿಗೆ! ಪಂದ್ಯ ಮುಗಿದ ಕೂಡಲೇ ಕೋಟಿನೊಳಗಿನ ಅಸಲಿ ಶೀಟುಗಳನ್ನು ಕಸದ ಡಬ್ಬಿಗೆ ಹಾಕಲು ಹೊರಟೆ. ಉಂಬೆರ್ತೊನ ಕಣ್ಣಿಗೆ ಬಿದ್ದೆ. ನಾನು ಓಡಿದೆ, ಅವನು ಮೈದಾನದ ಗಾಲ್ಫ್ ಗಾಡಿ ಹತ್ತಿದ.

ಎದುರಿಗೆ ಬೇಲಿ. ದಾರಿಯಿಲ್ಲ!

ಅವನು ನನ್ನ ಕೊರಳಪಟ್ಟಿ ಹಿಡಿದ.

"ಕೋಟ್ ಬಿಚ್ಚೋ, ಕರ್ಟಿಸ್!"

"ಯಾಕೆ, ಚಳಿಯಾ ನಿಂಗೆ?"

ಶೀಟುಗಳನ್ನು ಎಳೆದುಕೊಂಡು ಓದಿದ.

"ಅಸಲಿ ಶೀಟೆಲ್ಲ ನಿನ್ನ ಹತ್ರ ಇದ್ರೆ, ಕುರ್ಚಿ ಮೇಲಿರೋದು ಏನು? ಪತ್ತೇದಾರನಂತೆ ಪತ್ತೇದಾರ... ಕಳ್ಳ ನನ್ಮಗನೇ!"

"ನಿನ್ನ ಮಗಳು ನನ್ನ ಮಗಳ ಜಾಗ ಕದೀಲಿಲ್ವಾ?"

"ಗೆದ್ಲು ಕಣೋ! ಈಗ್ಲೇ ಹೋಗಿ ಹೇಳ್ತೀನಿ. ನಿನ್ನ ಮಗಳನ್ನ ಟೀಮಿಂದಾನೇ ಓಡಿಸ್ತಾರೆ!"

"ನೀವಿಬ್ರೂ ಈ ಟೀಮಿನ ಅಪ್ಪಂದಿರಾ?"

ತಿರುಗಿದೆವು. ಒಬ್ಬಳು ಕಾಲೇಜು ಕೋಚ್. ಕೈಯಲ್ಲಿ ನನ್ನ ಶೀಟು.

"ಗೋಲ್ ಹೊಡೆಯೋರು ನನ್ನ ಹತ್ರ ಆರು ಜನ ಇದಾರೆ," ಎಂದಳು. "ನಂಗೆ ಬೇಕಿರೋದು ಹದಿನಾಲ್ಕು! ಆಡಿದ್ದು ಹತ್ತೇ ನಿಮಿಷ. ಆದ್ರೆ ಬೆಂಚಲ್ಲಿ ಕೂತೇ ಎದುರಾಳಿ ಚೆಂಡು ಎಲ್ಲಿಗೆ ಕಳಿಸ್ತಾಳೆ ಅಂತ ಮೊದಲೇ ಕೂಗಿ ಹೇಳ್ತಿದ್ಲು. ಒಂದ್ಸಲಾನೂ ತಪ್ಪಲಿಲ್ಲ! ಯೆಸೆನಿಯಾ ಅಲ್ವಾ ಹೆಸರು? ಅವಳಿಗೆ ಸೀಟು ಕೊಡ್ತೀವಿ."



ಉಂಬೆರ್ತೊ ನನ್ನ ಕೊರಳಪಟ್ಟಿ ಬಿಟ್ಟ. ಮೆಲ್ಲಗೆ ಅದರ ಸುಕ್ಕು ಸರಿಮಾಡಿದ. ಅಸಲಿ ಶೀಟುಗಳನ್ನು ಮಡಚಿ ಜೇಬಿಗಿಟ್ಟ.

"ಹೂಂ ಮೇಡಂ. ಶೀಟಲ್ಲಿ ಹಾಗೇ ಇದೆಯಲ್ಲ," ಎಂದ. ನನ್ನತ್ತ ನೋಡಿ ನಕ್ಕ. "ಅಲ್ವೇನೋ, ಕರ್ಟಿಸ್?"

ಸುಮ್ಮನಿದ್ದರೆ ನನ್ನ ಮಗಳ ಸೀಟು ಅವನ ಮನೆಗೆ. ಅವನ ಮನೆಗೆ!

ಪ್ರಾಮಾಣಿಕತೆ ಅಂದುಕೊಳ್ಳಬೇಡಿ... ಅದು ಬರೀ ಹೊಟ್ಟೆಕಿಚ್ಚು.

"ಶೀಟು ಬದಲಿಸಿದ್ದು ನಾನೇ, ಮೇಡಂ!"

ಇಪ್ಪತ್ತು ವರ್ಷಗಳ ಪತ್ತೇದಾರಿಕೆಯಲ್ಲಿ, ಇಷ್ಟು ಬೇಗ ಬಾಯಿಬಿಟ್ಟ ಕಳ್ಳನನ್ನು ನಾನು ನೋಡಿಯೇ ಇರಲಿಲ್ಲ.