ಔಷಧಿ ಬರುವ ಮೊದಲೇ

"ಕ್ಲಚ್ ಮೇಲೆ ಅಷ್ಟ್ಯಾಕ್ರಿ ಸಿಟ್ಟು? ಮೆಲ್ಲಕ ಬಿಡ್ರಿ."

ದಾವಣಗೆರೆಯ ವಿನೋಬನಗರದ ತಿರುವಿನಲ್ಲಿ ಕಾರು ಮತ್ತೆ ನಿಂತಿತು. ಹಿಂದಿನ ಆಟೋದವನು ಹಾರ್ನ್ ಹೊಡೆದದ್ದೇ ಹೊಡೆದದ್ದು. ಡ್ರೈವಿಂಗ್ ಸ್ಕೂಲ್ ನಡೆಸುವ ಸಹನಾ ದಡ್ಡ ಶಿಷ್ಯರನ್ನು ಬಹಳ ಕಂಡಿದ್ದಳು. ಆದರೆ ಬೆವರುತ್ತಲೇ ನಗುವ ಈ ನಿಂಗರಾಜನಂಥವನನ್ನು ಕಂಡಿರಲಿಲ್ಲ.

"ಲ್ಯಾಬಿನಾಗೆ ಏನು ಕೆಲಸ ನಿಮ್ದು?" ಅವನ ಭಯ ಬಿಡಿಸಲು ಕೇಳಿದಳು.

"ಎಚ್‌ಐವಿ ಮೇಲೆ ರಿಸರ್ಚು, ಔಷಧಿ ಹುಡುಕ್ತಾ ಇದೀವಿ. ಆ ವೈರಸ್ ನಮ್ಮ ಜೀವಕೋಶದೊಳಗೆ ಹೋಗಾಕ ಒಂದು ಬಾಗಿಲು ಬೇಕು. ಬಾಗಿಲು ಮಾಡೋ ಜೀನನ್ನೇ ಸುಮ್ಮನಾಗಿಸಿದ್ರೆ? ಬಾಗಿಲೂ ಇಲ್ಲ, ವೈರಸ್ ಹೊರಗೇ!" ಸ್ಟೀರಿಂಗ್ ಬಿಟ್ಟು ಎರಡೂ ಕೈಯಲ್ಲಿ ತೋರಿಸಿದ.

"ಕೈ! ಸ್ಟೀರಿಂಗ್ ಮೇಲಿಡ್ರಿ!" ಎಂದು ಗದರಿದಳು. ಆ ವೈರಸ್ ಹುಟ್ಟಿನಿಂದಲೇ ಅವಳ ಜೊತೆಗಿತ್ತು. ದಿನವೂ ಗುಳಿಗೆ ನುಂಗುತ್ತಲೇ ಓದಿ, ಸ್ವಂತ ಕಾರು ಕೊಂಡು, ತಲೆಯೆತ್ತಿ ಬದುಕಿದವಳು ಅವಳು.

ಲೈಸೆನ್ಸ್ ಸಿಕ್ಕ ಮೇಲೂ ನಿಂಗರಾಜ ಕ್ಲಾಸಿಗೆ ಬಂದ. "ರಿವರ್ಸ್ ಇನ್ನೂ ಬರವಲ್ದು" ಎಂದ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಒಂದು ಭಾನುವಾರ ಹರಿಹರದಲ್ಲಿ, ತುಂಗಭದ್ರೆಯ ದಂಡೆಗೆ ಕಾರು ನಿಲ್ಲಿಸಿ ಕೇಳಿಯೇಬಿಟ್ಟ. "ಸಹನಾ, ನನ್ನ ಮದುವಿ ಆಗ್ತೀರಾ?"

ಅವಳು ನೇರವಾಗಿ ಅವನ ಕಣ್ಣನ್ನೇ ನೋಡಿದಳು. "ನೀವು ಕೆಲಸ ಮಾಡೋ ಆ ವೈರಸ್ ನನ್ನ ಮೈಯಾಗೈತೆ. ಹುಟ್ಟಿದಾಗಿಂದ."

ನಿಂಗರಾಜ ಹೊಳೆಯ ಕಡೆ ಮುಖ ತಿರುಗಿಸಿದ. ಹಾಗೆ ತಿರುಗಿದ್ದರ ಅರ್ಥ ತನಗೆ ಗೊತ್ತು ಎಂದುಕೊಂಡಳು ಸಹನಾ. "ಇಳೀರಿ. ನಾನೇ ಓಡಿಸ್ತೀನಿ, ದಾವಣಗೆರೆಗೆ ಹೋಗೋಣ."

"ತಡೀರಿ. ಹೆದರಿಕಿ ಅಲ್ಲ, ನಾಚಿಕಿ ಆತು. ಇಷ್ಟು ದಿನ ನಿಮ್ಮ ಮುಂದೆ ಅದು ಬರೀ ಲ್ಯಾಬಿನ ವಸ್ತು ಅನ್ನೋ ಹಂಗೆ ಮಾತಾಡಿದೆ."

"ಹಂಗಾರೆ ನಿಮ್ಮ ಔಷಧಿ ಬರೋತನಕ ಕಾಯ್ತೀರೇನು?"

"ಬರ್ತೈತೆ ಅನ್ನೋ ನಂಬಿಕಿ ಐತೆ. ಯಾವಾಗ ಅಂತ ಗೊತ್ತಿಲ್ಲ. ನಿಮ್ಮ ಗುಳಿಗಿ ಕೆಲಸ ಮಾಡ್ತಾ ಐತಲ್ಲ?"

"ಟೆಸ್ಟಿನಾಗೆ ವೈರಸ್ ಕಾಣದಂಗಾಗಿ ವರ್ಷಗಳಾದವು."

"ಹಂಗಿದ್ದಾಗ ಗಂಡಗೆ ಹರಡಂಗಿಲ್ಲ. ಮತ್ತೆ ನಾನ್ಯಾಕ ಕಾಯ್ಲಿ?"

ಅವಳ ಕಣ್ಣು ತುಂಬಿತು, ತುಟಿ ನಕ್ಕಿತು. "ನಿಮ್ಮ ಅವ್ವಗೆ ನಾನೇ ಹೇಳ್ತೀನಿ. ನಡೀರಿ."

ಗುತ್ತೂರಿನ ಮನೆಯಲ್ಲಿ ನಿಂಗರಾಜನ ತಾಯಿ ಕೆಂಚವ್ವ ಎಲ್ಲವನ್ನೂ ಕೇಳಿಸಿಕೊಂಡರು. ಸೆರಗಿನ ಅಂಚು ತಿರುವುತ್ತಾ ಸಹನಾಳನ್ನು ನೋಡಿದರು. ಸಹನಾ ತಲೆ ತಗ್ಗಿಸಲಿಲ್ಲ.

"ಗುಳಿಗಿ ಮರೀತಿಯೇನವ್ವಾ?"

"ಇಲ್ಲಮ್ಮ, ಒಂದಿನಾನೂ ಇಲ್ಲ."

"ಇವನು ಉಣ್ಣೋದನ್ನೇ ಮರೀತಾನೆ." ಕೆಂಚವ್ವ ಎದ್ದು ತಟ್ಟೆ ಹಾಕಿದರು. "ಕೈ ತೊಳ್ಕೊಂಡು ಬಾ. ಇನ್ನ ಮ್ಯಾಲೆ ಇವನ್ನ ಕೂರಿಸ್ಕೊಂಡು ಉಣ್ಣೋದು ನಿನ್ನ ಕೆಲಸ."