ಹತ್ತು ಸಲ ಹೇಳಿದ ಮಾತು

"ನಾಟಕ ಮುಗೀತಾ ಡ್ರೈವರ್ ಸಾಹೇಬ್ರೇ? ಮೈಕ್ ಟೆಸ್ಟ್ ಮಾಡ್ಬೇಕು!"

ವೇದಿಕೆಯ ಹಿಂದಿನ ಪರದೆಯನ್ನು ಸರ್ರನೆ ಸರಿಸಿ ಮೈಕ್‌ಸೆಟ್ ಹುಡುಗಿ ಕೇಳಿದಳು. ಕೈಯಲ್ಲೊಂದು ಭಾಷಣದ ಚೀಟಿ ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದ ಬಸ್ ಡ್ರೈವರ್ ಬೆಚ್ಚಿಬಿದ್ದ. ಒಂದೇ ಮಾತನ್ನು ಅವನು ಹತ್ತು ಸಲ ಹೇಳಿದ್ದನ್ನು ಅವಳು ಎಣಿಸಿದ್ದಳು. "ನಮ್ಮ ಕಂಡಕ್ಟರ್ ಅಕ್ಕತಂಗಿಯರಿಗೆ ಒಂದು ಕೋಣೆ ಕೊಡಿ." ಪ್ರತಿ ಸಲವೂ ಅದೇ ಜಾಗದಲ್ಲಿ ಕೈ ಎತ್ತುತ್ತಿದ್ದ!

ಥೂ, ಇವನೂ ಅಷ್ಟೇನಾ...

ಬಸ್ ನೌಕರರ ಸಂಘದ ಮೂರು ಸಭೆಗಳಲ್ಲಿ ಅವನ ಸರಾಗ ಭಾಷಣ ಕೇಳಿ ಮನಸೋತಿದ್ದಳು ಹುಡುಗಿ. ಅದಕ್ಕೇ ಇಷ್ಟು ಸಿಟ್ಟು.

ಅಪ್ಪನಿಗೆ ವಯಸ್ಸಾಗಿ ಮೈಕ್‌ಸೆಟ್ ಅಂಗಡಿ ಅವಳ ಕೈಗೆ ಬಂದು ಆರು ವರ್ಷವಾಗಿತ್ತು. ಊರಿಗೆಲ್ಲ ಅವಳು 'ಮೈಕ್ ಅಕ್ಕ'. ಚುನಾವಣೆ ಬಂದಾಗ ಪರದೆ ಹಿಂದೆ ಅಳುವುದನ್ನು ಕಲಿತು, ಮುಂದೆ ಬಂದು ಗೊಳೋ ಎಂದು ಅತ್ತು, ಇಳಿದ ಮೇಲೆ "ಹೇಗಿತ್ತು?" ಎಂದು ಕಣ್ಣು ಮಿಟುಕಿಸುವ ಮುಖಂಡರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅಭ್ಯಾಸ ಮಾಡುವವನು ಸುಳ್ಳುಗಾರ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

"ಮನಸ್ಸಲ್ಲಿ ಇರೋದನ್ನ ಹೇಳೋಕೆ ಪ್ರಾಕ್ಟೀಸ್ ಯಾಕ್ರೀ ಬೇಕು?" ಸಂಘದವರೆಲ್ಲರ ಎದುರೇ ಕೇಳಿಬಿಟ್ಟಳು.

ಅವನ ಮುಖ ಕೆಂಪಾಯಿತು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಚೀಟಿಯನ್ನು ಮಡಚಿ ಅವಳ ಮೇಜಿನ ಮೇಲಿಟ್ಟು ಬರಿಗೈಯಲ್ಲಿ ವೇದಿಕೆ ಹತ್ತಿದ.

ಅವತ್ತು ಕೈ ಎತ್ತಿಸಿ ತೀರ್ಮಾನವಾಗಬೇಕಿತ್ತು. ಹೆಚ್ಚು ಕೈ ಎದ್ದರೆ ಆ ಕೋಣೆಗಾಗಿ ಮುಷ್ಕರ. ಇಲ್ಲದಿದ್ದರೆ ಡಿಪೋದ ಹೆಂಗಸರಿಗೆ ಬಟ್ಟೆ ಬದಲಿಸಲು ಬಸ್ಸಿನ ಮರೆಯೇ ಗತಿ.

"ನ... ನ... ನಮ್ಮ ಕ... ಕ..."

ಯಾರೋ ಕಿಸಕ್ಕೆಂದರು. ಮರುಕ್ಷಣ ಇಡೀ ಸಭೆ ನಕ್ಕಿತು.

ಅವಳು ಮೇಜು ಬಿಟ್ಟು ಎದ್ದು ನಿಂತಳು. ಅಯ್ಯೋ ದೇವರೇ, ಇವನಿಗೆ ಉಗ್ಗು! ಒಂದು ಮಾತು ಸರಿಯಾಗಿ ಹೊರಗೆ ಬರಲಿ ಅಂತ ಪ್ರತಿ ಸಭೆಗೂ ಮೊದ್ಲು ಹತ್ತು ಸಲ ಹೇಳ್ತಿದ್ದ, ಇವತ್ತು ನಾನೇ ಕೆಣಕಿ ಕೆಡಿಸಿದೆ... ಪರದೆ ಹಿಂದೆ ಕಂಡ ನಾಲ್ಕು ಜನರನ್ನ ಇಟ್ಕೊಂಡು ಇವನನ್ನೂ ಅಳೆದುಬಿಟ್ಟೆನಲ್ಲಾ!

ಅವನು ಇಳಿಯಲಿಲ್ಲ. ಬೆವರು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ.

ಅವಳು ತನ್ನ ಮೈಕ್ ಎತ್ತಿಕೊಂಡಳು. "ನಗೋರು ಹೊರಗೆ ಹೋಗಿ ನಕ್ಕು ಬನ್ನಿ! ಅವರು ಮುಗಿಸೋವರೆಗೂ ಇಲ್ಲಿ ಮೈಕ್ ಆಫ್ ಆಗಲ್ಲ!"

ಸಭೆ ಗಪ್‌ಚುಪ್. ಎರಡು ನಿಮಿಷದ ಮಾತಿಗೆ ಕಾಲು ಗಂಟೆ ಹಿಡಿಯಿತು. ಹಿಂದಿನ ಸಾಲಿನ ಮುದಿ ಮೆಕ್ಯಾನಿಕ್ ಮೊದಲು ಕೈ ಎತ್ತಿದ. ಆಮೇಲೆ ಎದ್ದ ಕೈಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ಅವಳಿಗೋ, ತಾನೇ ಗೆದ್ದಷ್ಟು ಹೆಮ್ಮೆ!

ಎಲ್ಲರೂ ಹೋದ ಮೇಲೆ ಅವನು ಅವಳ ಜೊತೆ ವೈರ್ ಸುತ್ತಲು ಕೂತ.

"ತಪ್ಪಾಯ್ತು ರೀ. ನಾನು ಕಂಡಿದ್ದಷ್ಟೇ ಲೋಕ ಅಂದ್ಕೊಂಡಿದ್ದೆ. ಉಗ್ಗು ಇದೆ ಅಂತ ಆಗ್ಲೇ ಹೇಳ್ಬಾರ್ದಿತ್ತಾ?"

"ಹೇ... ಹೇಳೋಕೆ ಹೋದ್ರೆ ಉ... ಉಗ್ಗು ಬರುತ್ತಲ್ಲ!"

ಅವಳು ನಕ್ಕಳು. ಕಣ್ಣು ತುಂಬಿ ಬಂತು.

"ಮೂ... ಮೂರು ಸಭೆಯಿಂದ ಒಂದು ಮಾತು ಹೇ... ಹೇಳ್ಬೇಕು ಅಂತಿದ್ದೆ. ನೀ... ನೀವಂದ್ರೆ ನಂಗೆ..."

ಮುಂದಿನದು ಏನೆಂದು ಅವಳಿಗೆ ಗೊತ್ತಿತ್ತು. ಆದರೂ ನಡುವೆ ಬಾಯಿ ಹಾಕದೆ ಸುಮ್ಮನೆ ಕಾದಳು.

"...ತುಂಬಾ ಇಷ್ಟ."

"ನಂಗೂ... ನಮ್ಮಪ್ಪನ ಹತ್ರ ನಾನೇ ಮಾತಾಡ್ಲಾ?"

"ಬೇಡ. ನಾ... ನಾನೇ ಹೇಳ್ತೀನಿ."

ಅವಳು ಅವನ ಕೈ ಹಿಡಿದಳು. "ಹೇಳಿ. ಒಂದು ಗಂಟೆ ಆದ್ರೂ ಆಗ್ಲಿ, ನಾನು ಪಕ್ಕದಲ್ಲೇ ನಿಂತಿರ್ತೀನಿ."